ಎಕ್ಸ್‌ರೇಗೆ ಕಾಣದ ಕೋಟಿನ ಗುಂಡಿ

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಗಂಡನ ಎದೆಯೊಳಗೆ ಕೂತಿದ್ದ ಕೋಟಿನ ಗುಂಡಿಗೆ ನಿಮ್ಮ ಆಸ್ಪತ್ರೆ ಆಸ್ತಮಾ ಎಂದು ಹೆಸರಿಟ್ಟಿತು. ಈ ನಾಮಕರಣಕ್ಕೆ ನನ್ನ ಬಹಿರಂಗ ಆಕ್ಷೇಪಣೆಯಿದೆ.

ನಾವು ನಿಮ್ಮ ಗೇಟಿನ ಎದುರಿನ ಟೈಲರ್ ಅಂಗಡಿಯವರು. ಹೊಲಿಯುವಾಗ ಗುಂಡಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ನನ್ನ ಗಂಡನ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನೂ ಸುಮ್ಮನಿದ್ದೆ. ಆ ದಿನ ಬಿಳಿ ಕೋಟೊಂದಕ್ಕೆ ಗುಂಡಿ ಹಾಕುತ್ತಿದ್ದಾಗ ನಾದಿನಿ ಏನೋ ತಮಾಷೆ ಮಾಡಿದಳು, ಇವರು ನಕ್ಕರು, ಗುಂಡಿ ಒಳಗೆ ಹೋಯಿತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು. ನಾನು ನೀರು ಕುಡಿಸಲು ಹೋದೆ, ನಾದಿನಿ ಬಾಯಿಗೆ ಬೆರಳು ಹಾಕಲು ಹೋದಳು. ಎರಡೂ ತಪ್ಪಂತೆ, ಆಮೇಲೆ ಗೊತ್ತಾಯಿತು. ಜೋರಾಗಿ ಕೆಮ್ಮುವವರನ್ನು ಕೆಮ್ಮಲು ಬಿಡಬೇಕು. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ ಗುದ್ದಬೇಕು, ಅದಕ್ಕೂ ಜಗ್ಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಒತ್ತಬೇಕು. ಇದನ್ನು ಹೇಳುವ ಒಂದು ಫಲಕವೂ ನಿಮ್ಮ ಗೋಡೆಯ ಮೇಲಿಲ್ಲ. ‘ಗದ್ದಲ ಮಾಡಬೇಡಿ’ ಎನ್ನುವುದು ಮಾತ್ರ ಕೋಣೆಗೊಂದಿದೆ.

ಕೆಮ್ಮು ತಗ್ಗಿದ ಮೇಲೆ ರಸ್ತೆ ದಾಟಿ ನಿಮ್ಮಲ್ಲಿಗೆ ಬಂದೆವು.

“ಗುಂಡಿ ಒಳಗೆ ಹೋಗಿದೆ ಡಾಕ್ಟ್ರೇ,” ಅಂದರು ಇವರು.

“ಎಕ್ಸ್‌ರೇಲಿ ಏನೂ ಇಲ್ವಲ್ಲ. ಎಲ್ಲೋ ಕೆಳಗೆ ಬಿದ್ದಿರುತ್ತೆ, ಅಂಗಡೀಲಿ ಹುಡುಕಿ,” ಅಂದರು ನಿಮ್ಮ ವೈದ್ಯರು.

ಹುಡುಕಿದೆವು, ಮಾನ್ಯರೇ. ಹೊಲಿಗೆ ಯಂತ್ರವನ್ನೇ ಸರಿಸಿ ಗುಡಿಸಿದೆವು. ಅಷ್ಟರಲ್ಲಿ ಇವರ ಎದೆಯ ಬಲಭಾಗ ಸುಯ್‌ಗುಡತೊಡಗಿತು. ಮತ್ತೆ ನಿಮ್ಮಲ್ಲಿಗೆ ಬಂದರೆ ಆಸ್ತಮಾ ಎಂದು ಸೇದುವ ಔಷಧಿ ಕೊಟ್ಟಿರಿ. ಆಸ್ತಮಾ ಒಂದೇ ಪಕ್ಕಕ್ಕೆ ಪಕ್ಷಪಾತ ಮಾಡುತ್ತದೆಯೇ? ಮಲಗಿದರೆ ಪೀಪಿ, ಮೆಟ್ಟಿಲು ಹತ್ತಿದರೆ ಪೀಪಿ. ಗಿರಾಕಿಗಳು ನಕ್ಕರು, ನಾನೂ ನಕ್ಕೆ. ಜ್ವರ ಬಂದು ಇವರು ಹಾಸಿಗೆ ಹಿಡಿದಾಗ ನಗು ನಿಂತಿತು. ಈ ಮನುಷ್ಯ ಕೈತಪ್ಪಿ ಹೋಗುತ್ತಾನೆಂದು ನಿಜಕ್ಕೂ ಹೆದರಿದೆ.

ಬೇರೆ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ವೈದ್ಯೆ ಮೊದಲು ಕೇಳಿದ್ದೇ, “ಕೆಮ್ಮು ಶುರುವಾದಾಗ ಬಾಯಲ್ಲಿ ಏನಿತ್ತು?” ಪ್ಲಾಸ್ಟಿಕ್ ಗುಂಡಿ ಸಾಮಾನ್ಯವಾಗಿ ಎಕ್ಸ್‌ರೇಗೆ ಕಾಣುವುದಿಲ್ಲವೆಂದು ಹೇಳಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿ ಗುಂಡಿ ತೆಗೆದರು. ಇನ್ನೂ ತಡವಾಗಿದ್ದರೆ ಶ್ವಾಸಕೋಶದ ಆ ಭಾಗವೇ ಕೆಟ್ಟುಹೋಗುತ್ತಿತ್ತಂತೆ.

ನನ್ನ ಬೇಡಿಕೆ ದೊಡ್ಡದಲ್ಲ. ಗಂಟಲಿಗೆ ಏನೋ ಹೋಯಿತೆಂದು ರೋಗಿ ಹೇಳಿದರೆ, ಎಕ್ಸ್‌ರೇಗಿಂತ ಮೊದಲು ಅವನನ್ನು ನಂಬಿ. ಕೊಳವೆ ಇಳಿಸಿ ನೋಡಿ. ನಿಮ್ಮಲ್ಲಿ ಇಲ್ಲದಿದ್ದರೆ ಇರುವ ಕಡೆಗೆ ಕೂಡಲೇ ಕಳಿಸಿ. ಬೆನ್ನಿಗೆ ಗುದ್ದುವ ಚಿತ್ರವನ್ನೂ ಗೋಡೆಗೆ ಹಾಕಿಸಿ.

ಅಂದಹಾಗೆ, ಆ ಬಿಳಿ ಕೋಟು ನಿಮ್ಮದೇ. ತಡವಾದದ್ದಕ್ಕೆ ಕ್ಷಮೆಯಿರಲಿ. ಅಂಥದ್ದೇ ಬೇರೆ ಗುಂಡಿ ಸಿಗಲಿಲ್ಲ. ಹಾಗಾಗಿ ಅದನ್ನೇ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು, ಸರಿಯಾಗಿ ಎದೆಯ ಮೇಲೆ ಬರುವಂತೆ ಹೊಲಿದಿದ್ದೇನೆ. ಈಗ ಎಕ್ಸ್‌ರೇ ಇಲ್ಲದೆಯೂ ಕಾಣುತ್ತದೆ.

ಇಂತಿ,
“ಗುಂಡುಸೂಜಿಯಾದ್ರೆ ಎಕ್ಸ್‌ರೇಲಿ ಕಾಣುತ್ತಲ್ವಾ” ಎಂದು ಈಗ ಅದನ್ನು ಕಚ್ಚಿಕೊಂಡು ಕೂತಿರುವವರ ಹೆಂಡತಿ,
ಎದುರಂಗಡಿ