ಆಂಜನೇಯನ ಹಳೆಯ ಅಂಗಿ

ವಡ್ಡು
೧೪ ನವೆಂಬರ್ ೨೦೨೫, ಶುಕ್ರವಾರ

ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಮಗಳು ಹೇಮಾಳಿಗೆ, ಹೊಟ್ಟೆಯೊಳಗಿನ ಕೂಸಿಗೂ ಸೇರಿಸಿ, ಅವ್ವನ ಆಶೀರ್ವಾದ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ನೀನು ಬಾ. ಬಾಣಂತನಕ್ಕೆ ಇಲ್ಲಿಗೇ ಬಾ. ಎಂಟು ಮುಗಿದು ಒಂಬತ್ತಕ್ಕೆ ಬೀಳಲಿ, ನಿಮ್ಮಪ್ಪ ಗಾಡಿ ಮಾಡಿಕೊಂಡು ಹೊಸಪೇಟೆಗೆ ಬಂದು ಕರೆದುಕೊಂಡು ಬರುತ್ತಾರೆ. ನಿನ್ನ ಕೋಣೆಗೆ ಸುಣ್ಣ ಹೊಡೆಸಿ ಆಗಿದೆ. ಗೋಡೆ ಇನ್ನೂ ಹಸಿ ಇದೆ, ಅಷ್ಟರಲ್ಲೇ ನಿಮ್ಮಪ್ಪ ಮಂಚ ಎಲ್ಲಿಡಬೇಕು ಅಂತ ನನ್ನ ತಲೆ ತಿನ್ನಲು ಶುರು ಮಾಡಿದ್ದಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ಅರ್ಧ ಕೇಳಿ ಅಳುತ್ತೀಯ, ಆಮೇಲೆ ಫೋನ್ ಇಟ್ಟುಬಿಡುತ್ತೀಯ. ಕಾಗದದ ಜೊತೆ ಆ ಆಟ ನಡೆಯುವುದಿಲ್ಲ. ತೋರಣಗಲ್ಲಿನಲ್ಲಿ ಶಿಫ್ಟ್ ಮುಗಿಸಿ ಬರುವ ಅಳಿಯಂದಿರ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಕೂತು, ಕಾಲು ಮೇಲಿಟ್ಟುಕೊಂಡು, ಕೊನೆಯವರೆಗೂ ಓದು.

ದೀಪಾವಳಿಗೆ ನೀನು ತವರಿಗೆ ಬರಬೇಕಿತ್ತು. ನಿಮ್ಮ ಅತ್ತೆ ದುರುಗವ್ವನವರು ಕಳಿಸಲಿಲ್ಲ. 'ಅವ್ವಾ, ಈ ಮುದುಕಿ ಎದಿ ಕಲ್ಲೈತಿ, ನೀನರ ಬಂದು ಜಗಳ ಮಾಡು' ಅಂತ ಫೋನಿನಲ್ಲಿ ಗೋಳಾಡಿದೆ. ನಾನು ಹೂಂ ಅಂದು ಸುಮ್ಮನಾದೆ. ಅಂದಿನಿಂದ ಅವರ ಜೊತೆ ಮಾತು ಬಿಟ್ಟಿದ್ದೀಯಂತೆ, ನನ್ನ ಮೇಲೂ ಮುನಿದಿದ್ದೀಯ. ಮುನಿಯುವುದು ಸಹಜವೇ. ಆದರೆ ಇಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಬಾಯಿ ಮುಚ್ಚಿಕೊಂಡಿದ್ದೆ.

ನಿನ್ನ ಸೀಮಂತದ ಕುಬಸ ಮುಗಿದು ನೀನು ಹೊರಟ ಮೇಲೆ ಜ್ಯೋತಿಲಕ್ಷ್ಮಿ ಅಂತ ಒಬ್ಬ ಹುಡುಗಿ ಊರಿಗೆ ಬಂದಳು. ಕಂಪ್ಲಿಯವಳು, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಅದಿರಿನ ಲಾರಿಗಳು ಎಬ್ಬಿಸುವ ನಮ್ಮ ಕಡೆಯ ಕೆಂಪು ಧೂಳು ಎಲ್ಲೆಲ್ಲಿಗೆ ಹೋಗುತ್ತದೆ, ಎಲೆಗೆಷ್ಟು, ಮಣ್ಣಿಗೆಷ್ಟು, ನೀರಿಗೆಷ್ಟು ಅಂತ ಹುಡುಕುವುದು ಅವಳ ಕೆಲಸ. ನಮ್ಮ ಅಂಗಳದ ಬೇವಿನ ಎಲೆ ಕೇಳಿದಳು. ಮನೆಗೆ ಬಂದವಳಿಗೆ ಧೂಳು ಹಿಡಿದ ಎಲೆ ಹೇಗೆ ಕೊಡುವುದು ಅಂತ ನಾನು ಒಂದು ರೆಂಬೆ ಕಿತ್ತು ಚೆನ್ನಾಗಿ ತೊಳೆದು ತಂದೆ. ಅವಳು ಹಣೆ ಹಣೆ ಚಚ್ಚಿಕೊಂಡು, 'ಅಯ್ಯ ಅಮ್ಮಾ, ನನಗ ಬೇಕಾಗಿದ್ದೇ ಆ ಧೂಳ್ರಿ' ಅಂದಳು. ಬೇರೆ ರೆಂಬೆ ತಾನೇ ಕಿತ್ತುಕೊಂಡಳು. ಹಿತ್ತಲ ಬಾವಿಯ ನೀರನ್ನೂ ಬಾಟಲಿಗೆ ತುಂಬಿಸಿಕೊಂಡು ಹೋದಳು. ನಾನು ಚಹಾ ಕೊಟ್ಟು ಕಳಿಸಿ ಆ ವಿಷಯ ಮರೆತೆ.

ದೀಪಾವಳಿಗೆ ಮುಂಚೆ ಅವಳು ಮತ್ತೆ ಬಂದಳು. ಈ ಸಲ ಚಹಾ ಬೇಡ ಅಂದಳು. 'ಅಮ್ಮಾ, ಕುಂದ್ರಿ. ಇವತ್ತಿನಿಂದ ಈ ಬಾವಿ ನೀರು ಕುಡೀಬ್ಯಾಡ್ರಿ. ಇದರಾಗ ಸೀಸ ಐತಿ' ಅಂದಳು. ಸೀಸ ಅಂದರೆ ಬ್ಯಾಟರಿಯಲ್ಲಿರುತ್ತದಲ್ಲ, ಅದು. ದೊಡ್ಡವರಿಗೇ ಕೆಟ್ಟದ್ದು, ಮಕ್ಕಳ ಮಿದುಳಿಗಂತೂ ವಿಷ, ಹುಟ್ಟದ ಕೂಸನ್ನೂ ಬಿಡುವುದಿಲ್ಲವಂತೆ.

ಹೇಮಾ, ನನಗೆ ಆಗ ಕಂಡದ್ದು ನೀನೇ. ಶ್ರಾವಣದಲ್ಲಿ ನೀನು ಇಲ್ಲಿದ್ದಾಗ ಅದೇ ಬಾವಿಯ ನೀರನ್ನು ಚೊಂಬುಗಟ್ಟಲೆ ಕುಡಿದೆ. 'ಹೊಸಪೇಟೆ ನೀರಿಗೆ ರುಚಿ ಇಲ್ಲ, ನಮ್ಮ ಬಾವಿ ನೀರೇ ಮಸ್ತ್' ಅನ್ನುತ್ತಿದ್ದೆ. ನಾನೇ ತುಂಬಿ ತುಂಬಿ ಕೊಟ್ಟೆ. ಆ ದಿನಗಳಲ್ಲಿ ನಾನು ಹೇಗಿದ್ದೆ ಅಂತ ಬರೆಯಲು ಹೋಗುವುದಿಲ್ಲ. ಒಲೆ ಮುಂದೆ ಕೂತರೆ ಅಳು, ದೇವರ ಮುಂದೆ ಕೂತರೆ ಅಳು. ನಿಮ್ಮಪ್ಪನಿಗೂ ಊಟ ಸೇರುತ್ತಿರಲಿಲ್ಲ.

ನೀರೊಂದೇ ಆಗಿದ್ದರೆ ಬೇರೆ ನೀರು ತರಿಸಿಕೊಳ್ಳಬಹುದಿತ್ತು. ಆದರೆ ಸೀಸ ಬಂದದ್ದು ಎಲ್ಲಿಂದ ಅನ್ನುವುದೇ ಗೊತ್ತಿರಲಿಲ್ಲ. ಅದಿರಿನ ಧೂಳಿನಿಂದಲೇ ಬಂದಿದೆ ಅಂತಾದರೆ ಮನೆಯೆಲ್ಲ ಅದೇ. ಚಾಪೆಯ ಮೇಲೆ, ಹೊಸ್ತಿಲ ಮೇಲೆ, ಒಣಹಾಕಿದ ಜೋಳದ ಮೇಲೆ. ಕೂಸು ಹುಟ್ಟಿದ ಮೇಲೆ ತೆವಳುವುದೆಲ್ಲಿ? ಹಾಗಾದರೆ ನೀನು ಬಾಣಂತನಕ್ಕಷ್ಟೇ ಅಲ್ಲ, ಮುಂದೆ ಯಾವತ್ತೂ ಮಗುವನ್ನು ಎತ್ತಿಕೊಂಡು ಈ ಮನೆಗೆ ಬರುವ ಹಾಗಿಲ್ಲ. ನಾನು ಹೆದರಿದ್ದು ಇದಕ್ಕೆ.

ಪಕ್ಕದ ಮನೆಯ ಕಾಳಪ್ಪನಿಗೆ ವಿಷಯ ಗೊತ್ತಾಗಿ, 'ಅಕ್ಕಾ, ಲಾರಿ ಧೂಳಿನದೇ ಕೆಲಸ ಇದು, ನಾಳೆನ ರಸ್ತೆಗೆ ಕುಂದ್ರೋಣ' ಅಂತ ತಯಾರಾದ. ನಾನೂ ಸೆರಗು ಸಿಕ್ಕಿಸಿದೆ. ಜ್ಯೋತಿಲಕ್ಷ್ಮಿ ತಡೆದಳು. ಧೂಳು ಒಳ್ಳೆಯದು ಅಂತ ಅವಳು ಹೇಳಲಿಲ್ಲ. ಅದು ಪುಪ್ಪುಸಕ್ಕೆ ಕೆಡುಕೇ, ಅದರ ಜಗಳ ಬೇರೆ ಇದೆ ಅಂದಳು. ಆದರೆ ಸೀಸಕ್ಕೂ ನಮ್ಮ ಬೆರಳಚ್ಚಿನ ಹಾಗೆ ಒಂದು ಗುರುತು ಇರುತ್ತದಂತೆ. ಒಂದೊಂದು ಗಣಿಯ ಸೀಸಕ್ಕೆ ಒಂದೊಂದು ಗುರುತು. ಈಗಿನ ಯಂತ್ರಗಳಲ್ಲಿ ಅದನ್ನು ಓದಿ, ಇದು ಇಲ್ಲಿಯದು, ಅದು ಹೊರಗಿನದು ಅಂತ ಬಿಡಿಸಿ ಹೇಳಬಹುದಂತೆ. ಬಾವಿಯ ನೀರು, ಬೇವಿನ ಎಲೆಯ ಧೂಳು, ಹೊಲದ ಮಣ್ಣು, ಮೂರನ್ನೂ ಅವಳು ಹಾಗೆ ಓದಿಸಲು ಕಳಿಸಿದಳು.

ಉತ್ತರ ಬಂತು. ಎಲೆಯ ಧೂಳಿನಲ್ಲಿ ಸೀಸ ಬಹಳ ಕಡಿಮೆ, ಮತ್ತು ಅದರ ಗುರುತೂ ಬಾವಿಯದಕ್ಕೆ ಕೂಡುವುದಿಲ್ಲ. ಮಣ್ಣಿನದೂ ಕೂಡುವುದಿಲ್ಲ. ಕಾಳಪ್ಪನ ಮುಖ ಬಾಡಿತು. ನಿಜ ಹೇಳುತ್ತೇನೆ, ಬೈಯಲು ಲಾರಿಗಳಿಲ್ಲದೆ ನನಗೂ ಒಂದು ಗಳಿಗೆ ಕೈ ಕಟ್ಟಿದಂತಾಯಿತು.

ಹಾಗಾದರೆ ಬಾವಿಗೆ ಬಿದ್ದದ್ದು ಏನು? ಅವಳು ಪೈಪು ನೋಡಿದಳು, ಮೋಟರು ನೋಡಿದಳು, ಹಳೆಯ ಬ್ಯಾಟರಿ ಏನಾದರೂ ಇದೆಯಾ ಅಂತ ಹಿತ್ತಲು ಜಾಲಾಡಿದಳು. ಕೊನೆಗೆ ಬಾವಿಯ ದಂಡೆಯಲ್ಲಿರುವ ನಮ್ಮ ಆಂಜನೇಯನ ಮುಂದೆ ನಿಂತಳು. ನಿನಗೆ ಗೊತ್ತಲ್ಲ, ನಿಮ್ಮಪ್ಪ ಆ ಕಲ್ಲಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಮೆತ್ತಿ ಮೆತ್ತಿ ದೇವರ ಮೂಗು ಎಲ್ಲಿ, ಗದೆ ಎಲ್ಲಿ ಅಂತ ತಿಳಿಯದ ಹಾಗೆ ಮಾಡಿದ್ದಾರೆ.

'ಇದು ಯಾವ ಬಣ್ಣರಿ ಅಪ್ಪಾ?' ಅಂತ ಕೇಳಿದಳು.

'ಬಣ್ಣ ಅಲ್ಲವ್ವಾ, ಸಿಂಧೂರ. ಸ್ವಾಮಿ ಅಂಗಿ ಅದು. ವರ್ಷಕ್ಕೊಮ್ಮೆ ಹಳೇ ಅಂಗಿ ಕೆರೆದು ಹೊಸಾದು ಹಾಕ್ತೀನಿ' ಅಂತ ನಿಮ್ಮಪ್ಪ ಹೆಮ್ಮೆಯಿಂದ ಹೇಳಿದರು.

'ಕೆರೆದಿದ್ದು ಏನು ಮಾಡ್ತೀರಿ?'

'ದೇವರ ಮೈಮೇಲಿಂದು, ತುಳಿಯೋ ಜಾಗಕ್ಕ ಹಾಕಾಕ ಬರಂಗಿಲ್ಲಲ್ಲ. ನೀರಿಗೇ ಬಿಡಬೇಕು.'

'ಯಾವ ನೀರಿಗೆ?'

ನಿಮ್ಮಪ್ಪ ಮೆಲ್ಲಗೆ ಬಾವಿಯ ಕಡೆ ಕೈ ತೋರಿಸಿದರು.

ಪ್ರತಿ ವರ್ಷ ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹಂಪಿಗೆ ಹೋಗಿ ಹೊಳೆಗೆ ಬಿಡುತ್ತಿದ್ದವರು. ಈ ಸಲ ನಿನ್ನ ಕುಬಸಕ್ಕೆ ಓಡಾಡಿ ಮೊಣಕಾಲು ಬಾತಿತ್ತು. ಹೊಳೆಯಾದರೇನು, ಬಾವಿಯಾದರೇನು, ಗಂಗೆ ಗಂಗೆಯೇ ಅಂತ ಹಿತ್ತಲಲ್ಲೇ ಮುಗಿಸಿದ್ದಾರೆ. ಆ ಕಿತ್ತಳೆ ಬಣ್ಣದ ಸಿಂಧೂರದಲ್ಲಿ ಇರುವುದೇ ಸೀಸವಂತೆ. ಮೋಟರು ಹಾಕಿದಾಗೆಲ್ಲ ತಳದ ಕೆಸರು ಎದ್ದು ನೀರಿಗೆ ಸೇರುತ್ತಿತ್ತು. ಹೊಳೆಗೆ ಬಿಟ್ಟದ್ದೂ ಸರಿಯಲ್ಲ ಅಂತ ಆ ಹುಡುಗಿ ಮೆತ್ತಗೆ ಹೇಳಿದಳು.

ನಾನು ಮೆತ್ತಗೆ ಹೇಳಲಿಲ್ಲ. ಕಾಳಪ್ಪನ ಮನೆಯವರೆಲ್ಲ ಹೊರಗೆ ಬಂದು ನಿಲ್ಲುವ ಹಾಗೆ ಕೂಗಾಡಿದೆ. ನಿಮ್ಮಪ್ಪ ಎದುರು ಮಾತಾಡದೆ ಬಾವಿಯ ಕಟ್ಟೆಯ ಮೇಲೆ ಕುಸಿದು, 'ನನ್ನ ಮಗಳಿಗೆ ನಾನೇ ಕುಡಿಸಿದೆನಲ್ಲ' ಅಂತ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಆಗಲೇ ನನಗೆ ಹೊಳೆದದ್ದು, ಕೆರೆದದ್ದು ಯಾವತ್ತು ಅಂತ ಕೇಳಬೇಕು ಅಂತ.

'ಕಡೇ ಶ್ರಾವಣ ಶನಿವಾರ' ಅಂದರು. ಯಾವಾಗಲೂ ಮೊದಲ ಶನಿವಾರ ಮಾಡುವವರು ಈ ಸಲ ಯಾಕೆ ತಡ ಮಾಡಿದಿರಿ ಅಂದೆ. ಅವರು ನನ್ನನ್ನೇ ತಿಳಿಗೇಡಿಯ ಹಾಗೆ ನೋಡಿ, 'ಬಸುರಿ ಮಗಳು ಮನ್ಯಾಗ ಇರೋಮಟ ಸ್ವಾಮಿ ಮೈ ಹೆಂಗ ಬರೇದು ಮಾಡ್ಲಿ? ನಮ್ಮವ್ವ ಹಂಗ ಹೇಳಿದ್ಲು. ಆಕಿ ಶುಕ್ರವಾರ ಹೋದ್ಲು, ನಾನು ಮರುದಿನ ಕೆರೆದೆ' ಅಂದರು.

ಹೇಮಾ, ನಿಮ್ಮಜ್ಜಿಯ ಇಂಥ ಕಟ್ಟಳೆಗಳನ್ನು ನಾನು ಎಷ್ಟು ಆಡಿಕೊಂಡಿಲ್ಲ! ಅವತ್ತು ಮಾತ್ರ ಆಕೆಯ ಫೋಟೊಕ್ಕೆ ಎರಡೂ ಕೈ ಮುಗಿದೆ. ನೀನು ಹೊಸಪೇಟೆ ಬಸ್ಸು ಹತ್ತಿದ ಮೇಲೆಯೇ ಆ ಅಂಗಿ ಬಾವಿಗೆ ಬಿದ್ದದ್ದು.

ಆದರೂ ನಿಮ್ಮಪ್ಪನ ನೆನಪನ್ನು ನಂಬಿ ಕೂರುವವಳು ನಾನಲ್ಲ. ಜ್ಯೋತಿಲಕ್ಷ್ಮಿಯೂ ಅಲ್ಲ. ಅವಳು ಬಾವಿಯ ತಳಕ್ಕೆ ಒಂದು ಕೊಳವೆ ಇಳಿಸಿ ಕೆಸರನ್ನು ಹಾಗೇ ಪದರ ಕೆಡದಂತೆ ಎತ್ತಿದಳು. ಮೇಲೆ ತೆಳ್ಳಗೆ ಕಿತ್ತಳೆ ಬಣ್ಣ. ಅದರ ಕೆಳಗೆ ವರ್ಷಾನುಗಟ್ಟಲೆಯ ಹೂಳು ಕಪ್ಪಗೆ, ಶುದ್ಧವಾಗಿ. ಅದರಲ್ಲಿ ಸೀಸ ಇರಲಿಲ್ಲ. ಅಂದರೆ ಹಿಂದೆಂದೂ ಬಿದ್ದಿಲ್ಲ, ಇದೊಂದೇ ಸಲ. ಗುರುತೂ ನಿಮ್ಮಪ್ಪನ ಸಿಂಧೂರದ ಡಬ್ಬಿಗೇ ಕೂಡಿತು.

ಇನ್ನೊಂದು ಮಾತು. ಹೋದ ತಿಂಗಳು ಆಸ್ಪತ್ರೆಯಲ್ಲಿ ನಿನ್ನ ರಕ್ತ ತೆಗೆದರಲ್ಲ, 'ಮತ್ತ ಯಾಕ ತೆಗೀತಾರ' ಅಂತ ರೇಗಿದೆಯಲ್ಲ, ಆ ಚೀಟಿಯಲ್ಲಿ ಸೀಸದ ಪರೀಕ್ಷೆ ಅಂತ ಬರೆದೇ ಇತ್ತು. ನೀನು ಓದಲಿಲ್ಲ, ನಮ್ಮ ಪುಣ್ಯ. ನಿನ್ನ ರಕ್ತದಲ್ಲಿ ಹೆದರುವಂಥದ್ದು ಏನೂ ಇಲ್ಲ. ಡಾಕ್ಟರಮ್ಮ ಎರಡು ಸಲ ಓದಿ ಹೇಳಿದ್ದಾರೆ. ಕೂಸು ಚೆನ್ನಾಗಿದೆ. ನನ್ನದೂ ಸರಿ ಇದೆ. ಕೈಯಾರೆ ಕೆರೆದ ನಿಮ್ಮಪ್ಪನದು ಸ್ವಲ್ಪ ಮೇಲಿತ್ತು, ಈಗ ಇಳಿಯುತ್ತಿದೆ, ಡಾಕ್ಟರು ನೋಡುತ್ತಿದ್ದಾರೆ. ಆ ಪರೀಕ್ಷೆ ನಿನಗೆ ಮಾಡಿಸಿದವರು ಯಾರು ಅಂತ ಕೊನೆಗೆ ಹೇಳುತ್ತೇನೆ.

ಬಾವಿಯ ನೀರೆಲ್ಲ ಖಾಲಿ ಮಾಡಿಸಿ ಹೂಳು ತೆಗೆಸಿದೆವು. ಅದನ್ನೂ ಎಲ್ಲೆಂದರಲ್ಲಿ ಸುರಿಯಲು ಆ ಹುಡುಗಿ ಬಿಡದೆ ಡ್ರಮ್ಮಿನಲ್ಲಿ ಮುಚ್ಚಿಸಿ ಕಳಿಸಿದಳು. ತಳದ ಊಟೆಯಿಂದ ಹೊಸ ನೀರು ಮತ್ತೆ ಬಂತು. ಮತ್ತೆ ಮತ್ತೆ ನೀರು ಪರೀಕ್ಷೆ ಮಾಡಿ, ನಿನ್ನೆ ಬಂದು ಮುಖ ಅರಳಿಸಿಕೊಂಡು, 'ಅಮ್ಮಾ, ಇವತ್ತು ಚಹಾ ಕುಡೀತೀನಿ, ನಿಮ್ಮ ಬಾವಿ ನೀರಾಗೇ ಮಾಡ್ರಿ' ಅಂದಳು. ನಾನು ಒಲೆ ಹಚ್ಚುವುದನ್ನು ಬಿಟ್ಟು ಅವಳನ್ನು ತಬ್ಬಿಕೊಂಡು ಅತ್ತೆ. ಆಮೇಲೆ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತೆ. ಅವಳು ಪಾಪ, ಹಾಗೇ ಕುಡಿದಳು.

ಆಂಜನೇಯನಿಗೆ ಈಗ ಮನೆಯಲ್ಲೇ ಅರಿಶಿನದಿಂದ ಮಾಡಿದ ಕುಂಕುಮ. ಮೂಗು, ಗದೆ ಎಲ್ಲ ಕಾಣಿಸುತ್ತಿವೆ. ಸ್ವಾಮಿ ಇಷ್ಟು ಸಣ್ಣಗಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ.

ಬರುವಾಗ ದಪ್ಪನೆಯ ಕಂಬಳಿ ತಾ, ರಾತ್ರಿ ಚಳಿ ಇದೆ. ಬಸ್ಸು ಬೇಡ, ಅಪ್ಪ ಬರುವವರೆಗೂ ಕಾಯಿ.

ಹೊಟ್ಟೆ ತಣ್ಣಗಾದ ನಿನ್ನ ಅವ್ವ,
ಗಾಳೆಮ್ಮ

ತಾ.ಕ.: ಇದನ್ನು ಬರೆಯಬೇಡಿ ಅಂತ ನಿಮ್ಮ ಅತ್ತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿಯುತ್ತಿದ್ದೇನೆ. ದೀಪಾವಳಿಗೆ ನಿನ್ನನ್ನು ತಡೆದವಳು ನಾನು. ಸೀಸದ ಸುದ್ದಿ ತಿಳಿದ ದಿನವೇ ಅವರಿಗೆ ಫೋನ್ ಮಾಡಿ, ಹೇಗಾದರೂ ಮಾಡಿ ಹೇಮಾಳನ್ನು ಅಲ್ಲೇ ಇರಿಸಿಕೊಳ್ಳಿ, ಕಾರಣ ಮಾತ್ರ ಹೇಳಬೇಡಿ, ಈ ಸ್ಥಿತಿಯಲ್ಲಿ ಅವಳು ತಡೆಯಲಾರಳು ಅಂತ ಬೇಡಿಕೊಂಡೆ. ಬೇಡ ಅಂದದ್ದು ನಾನೇ ಅಂತಲಾದರೂ ಹೇಳಿ ಅಂದೆ. ಅದಕ್ಕೆ ಅವರು, 'ಬ್ಯಾಡ್ರಿ ಬೀಗ್ತಿ, ಬೈದ್ರ ನನಗ ಬೈಲಿ. ಹಡಿಯೋ ಹೊತ್ತಿನ್ಯಾಗ ಆಕಿಗೆ ತವರಿನ ಮ್ಯಾಲೆ ಸಿಟ್ಟು ಬರಬಾರದು' ಅಂದರು. ರಕ್ತದ ಪರೀಕ್ಷೆಗೆ ನಿನ್ನನ್ನು ಕರೆದುಕೊಂಡು ಹೋದವರು ಅವರೇ. ಫಲಿತಾಂಶ ಬಂದ ದಿನ ನನಗೆ ಫೋನ್ ಮಾಡಿ, ಎಲ್ಲ ಸರಿ ಇದೆ ಅಂದು ಅತ್ತುಬಿಟ್ಟರು. ಅವತ್ತೂ ನೀನು ಅವರು ಬಡಿಸಿದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಹೋಗಿದ್ದೆಯಂತೆ. ಈ ಕಾಗದ ಮಡಿಚಿಟ್ಟು ಎದ್ದು ಒಳಗೆ ಹೋಗು. ಈ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾರೆ.