ಸೈಕಲ್ಲು ಹೊತ್ತ ಬಟ್ಟೆಮನೆ

ಇಸವಿ ೨೨೪೧, ಮೂರನೆಯ ಚೈತ್ರ, ಬಹುಳ ತದಿಗೆ
ಸಿಂಧನೂರಿನಾಚೆಯ ಎರೆಬಯಲು

ಟೆಂಟ್ ಕೊಳ್ಳಲು ಅಂಗಡಿಗೆ ಹೊರಟಿರುವ ಹಿರಿಯರಿಗೆ ಹಂಪವ್ವನ ನಮಸ್ಕಾರ.

ವರ್ಷಕ್ಕೆ ಮೂರು ಚೈತ್ರ ಎಲ್ಲಿಂದ ಬಂದವೆಂದು ನಗಬೇಡಿ. ಮಳೆ ಬೀಳುವ ತನಕ ಮುಂದಿನ ತಿಂಗಳ ಹೆಸರೆತ್ತಬಾರದೆಂದು ನಮ್ಮಲ್ಲಿ ಕಟ್ಟಳೆ. ಹಾಗಾಗಿ ಚೈತ್ರವನ್ನೇ ಮತ್ತೆ ಮತ್ತೆ ಎಣಿಸುತ್ತೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಬಹುದು, ಮನ್ನಿಸಬೇಕು. ಈ ಪತ್ರ ಹಿಂದಕ್ಕೆ ನಡೆದು ನಿಮ್ಮನ್ನು ಹೇಗೆ ಮುಟ್ಟುವುದೋ ನಾನರಿಯೆ. ಬಿಸಿಲಿಳಿಯುವವರೆಗೆ ಬೇರೆ ಕೆಲಸವಿಲ್ಲ, ಬರೆಯುತ್ತಿದ್ದೇನೆ.

ನೀವು ಟೆಂಟ್ ಎನ್ನುವುದಕ್ಕೆ ನಾವು ಬಟ್ಟೆಮನೆ ಎನ್ನುತ್ತೇವೆ. ಹೊತ್ತೇರಿದ ಮೇಲೆ ಸಂಜೆಯವರೆಗಿನ ಕಾಲಕ್ಕೆ ಸುಡುಹೊತ್ತು ಎಂದು ಹೆಸರು. ಆಗ ಬಯಲಲ್ಲಿ ನಿಂತವರು ಬದುಕುವುದಿಲ್ಲ. ಮೊದಲ ಚೈತ್ರದಲ್ಲಿ ಊರು ಬಿಟ್ಟು ಸಂಡೂರಿನ ಗುಡ್ಡಗಳಿಗೆ ಹೋಗುವುದು ನಮ್ಮ ಪದ್ಧತಿ. ಅದನ್ನು ಏರುಯಾನ ಎನ್ನುತ್ತೇವೆ. ಈ ಸಲ ಬಾವಿ ಇನ್ನೂ ಬತ್ತಿಲ್ಲವೆಂಬ ಆಸೆಯಿಂದ ತಡ ಮಾಡಿದೆವು. ಒಂದು ಸೈಕಲ್ಲಿಗೆ ಇಬ್ಬರು. ರಾತ್ರಿ ತುಳಿಯುವುದು, ಹಗಲು ಬಟ್ಟೆಮನೆಯೊಳಗೆ ಬಿದ್ದಿರುವುದು. ನೀವು ಮನೆ, ಮಂಚ, ಫ್ಯಾನು ಎಲ್ಲ ಇದ್ದೂ ರಜೆ ಹಾಕಿ ಬಟ್ಟೆಯಡಿ ಮಲಗಲು ಹೋಗುತ್ತಿದ್ದಿರಂತೆ. ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದು ನಗುತ್ತವೆ.

ಹೊಸ ಬಟ್ಟೆಮನೆ ನೇಯುವವರು ಈಗ ಯಾರೂ ಇಲ್ಲ. ನೀವು ಕೊಂಡು, ನಾಲ್ಕು ಸಲ ಬಳಸಿ ಅಟ್ಟಕ್ಕೆಸೆದವೇ ನಮಗೆ ಗತಿ. ಆ ನೂಲು ಕೊಳೆಯುವುದಿಲ್ಲ, ಪುಣ್ಯ. ಏರುಯಾನಕ್ಕೆ ಮೊದಲು ಉಗ್ರಾಣದಲ್ಲಿ ಅವುಗಳನ್ನು ಆರಿಸುವ ಸಂಭ್ರಮವೆಂದರೆ ಹೆಣ್ಣು ನೋಡುವ ಶಾಸ್ತ್ರವೇ ಸರಿ. ಬಣ್ಣ ತಿಳಿಯಾಗಿದೆಯೇ, ಎರಡು ಬಾಗಿಲಿವೆಯೇ, ಗಾಳಿಯಾಡುತ್ತದೆಯೇ, ಒಳಗೆ ಕೂತರೆ ತಲೆಗೆ ಬಟ್ಟೆ ತಾಗುತ್ತದೆಯೇ ಎಂದು ತಿರುತಿರುಗಿಸಿ ನೋಡುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇವುಗಳೊಳಗೆ ಮಲಗಿದವರೇ ಕಟ್ಟಿರಬೇಕು. ತಮ್ಮ ಕಂಬಿಗಳ ಮೇಲೆ ತಾವೇ ನಿಲ್ಲುವ ಭಾರದವು ಕೆಲವೇ ಇವೆ. ಮಕ್ಕಳಿರುವವರಿಗೆ ಅವು ಮೊದಲು. ಉಳಿದವೆಲ್ಲ ಕಂಬಿಯಿಲ್ಲದ ಹಗುರದವು. ಸೈಕಲ್ಲನ್ನೇ ನಿಲ್ಲಿಸಿ, ಹ್ಯಾಂಡಲ್ಲಿಗೂ ಸೀಟಿಗೂ ಬಟ್ಟೆ ಬಿಗಿದರೆ ಮನೆ. ನಿಮ್ಮ ಕಾಲದಲ್ಲಿ ಇದಕ್ಕೆ ಭಾರಿ ಬೆಲೆಯಂತೆ.

ನಮ್ಮ ಸರದಿಗೆ ಭಾರದ್ದೊಂದು ಉಳಿದಿತ್ತು. ಬೇಡವೆಂದವಳು ನನ್ನ ನೆಗೆಣ್ಣಿ ಹುಲಿಗೆವ್ವ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಇಬ್ಬರೂ ಗಂಡಂದಿರನ್ನು ಮಣ್ಣು ಮಾಡಿದ ಮೇಲೂ ಒಂದೇ ಒಲೆಗೆ ಜಗಳವಾಡಿಕೊಂಡೇ ಇದ್ದವರು ನಾವು. ಅವಳಿಗೆ ಮಂಡಿನೋವು, ತುಳಿಯಲಾರಳು. "ಹಗರಂದ ಇರ್ಲಿ ಬಿಡು, ತುಳಿಯಾಕಿ ನೀನ ಅಲ್ಲೇನು?" ಎಂದಳು. ಅಷ್ಟು ವರ್ಷಗಳಲ್ಲಿ ನನ್ನ ಕಾಲಿಗಾಗಿ ಮರುಗಿದ್ದು ಅದೊಂದೇ ಸಲ. ನಾನು ಭಾರದ್ದನ್ನು ಅಲ್ಲೇ ಬಿಟ್ಟು ಹಗುರದ್ದನ್ನು ಹೊತ್ತು ತಂದೆ.

ನಿನ್ನೆ ಎರೆಭೂಮಿಯ ಬಿರುಕಿಗೆ ಮುಂದಿನ ಗಾಲಿ ಇಳಿದು ಇಬ್ಬರೂ ಬಿದ್ದೆವು. ಸೈಕಲ್ಲಿಗೆ ಏನೂ ಆಗಲಿಲ್ಲ. ಅಕ್ಕನ ತೊಡೆಯೆಲುಬು ಮುರಿಯಿತು. ನಾವು ಯಾವಾಗಲೂ ಕಟ್ಟಕಡೆಯವರು, ಮುಂದೆ ಹೋದವರಿಗೆ ನಮ್ಮ ಕೂಗು ಕೇಳಲಿಲ್ಲ. ಅವಳನ್ನು ಕ್ಯಾರಿಯರಿನ ಮೇಲೆ ಕೂರಿಸಲು ನೋಡಿದೆ, ಎಚ್ಚರ ತಪ್ಪಿದಳು. ಹೊಳೆದಂಡೆಯ ತಂಗುದಾಣದಲ್ಲಿ ಗಾಡಿಯಿದೆ, ಜನರಿದ್ದಾರೆ. ಆದರೆ ಅದು ಒಂದು ರಾತ್ರಿಯಿಡೀ ತುಳಿಯುವ ದಾರಿ. ಗಾಡಿ ಇಲ್ಲಿಗೆ ಬರುವಷ್ಟರಲ್ಲಿ ನಡುವೆ ಒಂದು ಪೂರ್ತಿ ಸುಡುಹೊತ್ತು ಕಳೆಯಬೇಕು. ಇಬ್ಬರೂ ಇಲ್ಲೇ ಕೂತರೆ ನೀರು ನಾಳೆ ಸಂಜೆಗೆ ಮುಗಿಯುತ್ತದೆ. ನಾನು ಹೋಗಬೇಕೆಂದರೆ ಸೈಕಲ್ಲು ಬೇಕು. ಸೈಕಲ್ಲು ತೆಗೆದರೆ ಮನೆಯಿಲ್ಲ.

ಬಟ್ಟೆ ಮೈಗೆ ತಾಗಬಾರದು. ತಾಗಿದಲ್ಲಿ ಚರ್ಮ ಏಳುತ್ತದೆ, ಉಸಿರು ಕಟ್ಟುತ್ತದೆ. ಈ ಬಯಲಲ್ಲಿ ಒಂದು ಗಿಡವಿಲ್ಲ, ಗೋಡೆ ಕಟ್ಟಲು ಕಲ್ಲಿಲ್ಲ. ಚೀಲಗಳನ್ನು ಪೇರಿಸಿ ನೋಡಿದೆ, ಗಾಳಿಗೆ ಉರುಳಿದವು. ನಾನು ಅಳುತ್ತಾ ಕೂತಾಗ ಅಕ್ಕ ಬೈದಳು. "ಅಳಬ್ಯಾಡ, ನೀರು ದಂಡ ಆಕ್ಕತಿ. ನೀ ಸೈಕಲ್ ತಗೊಂಡು ಹೋಗು. ಬಟ್ಟಿ ನಾ ಎತ್ತಿ ಹಿಡಿತೀನಿ. ಒಂದ ಹಗಲಿನ ಮಾತು" ಎಂದಳು. ಅರವತ್ತು ದಾಟಿದ ಮುದುಕಿ, ಮುರಿದ ಕಾಲಿನವಳು, ಹಗಲಿಡೀ ಕೂತು ತನ್ನ ಎರಡು ಕೈಗಳನ್ನೇ ಕಂಬ ಮಾಡುತ್ತಾಳಂತೆ. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಬಟ್ಟೆಮನೆಗೆ ಕಂಬಿಯೇ ಬೇಡವೆಂದು ಯೋಚಿಸಿದ ಆ ಜಾಣನ ಮೇಲೆ. ಇಷ್ಟು ವರ್ಷ ಅವಳೆದುರು ಹೇಳದ್ದನ್ನು ಇಲ್ಲಾದರೂ ಬರೆಯುತ್ತೇನೆ: ನನಗೆ ಅವಳನ್ನು ಬಿಟ್ಟರೆ ಇನ್ಯಾರೂ ಇಲ್ಲ.

ಹಿರಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಅಂಗಡಿಯಲ್ಲಿ ಟೆಂಟನ್ನು ಕೈಯಲ್ಲಿ ತೂಗಿ, ಎಷ್ಟು ಹಗುರವೆಂದು ಹಿಗ್ಗಬೇಡಿ. ಅಲ್ಲೇ ನೆಲದ ಮೇಲೆ ಕಟ್ಟಿಸಿ. ನಿಮ್ಮವರೊಬ್ಬರನ್ನು ಒಳಗೆ ಕೂರಿಸಿ. ಆಮೇಲೆ ಸೈಕಲ್ಲನ್ನು ಹೊರಗೆಳೆದು ನೋಡಿ. ನಿಂತರೆ ಮಾತ್ರ ಕೊಳ್ಳಿ. ತುಳಿಯುವವರ ಕಾಲು ನೋಯಲಿ, ನೋವು ಇಳಿಯುತ್ತದೆ.

ಬಿಸಿಲು ಇಳಿಯಿತು. ನಾಳೆಯದನ್ನು ಈಗಲೇ ಹಿಡಿದು ತೋರಿಸುತ್ತೇನೆಂದು ಅಕ್ಕ ಎರಡೂ ಕೈ ಮೇಲೆತ್ತಿದ್ದಾಳೆ. ಬೆರಳು ಈಗಲೇ ನಡುಗುತ್ತಿವೆ. ನಾನು ಸೈಕಲ್ಲು ತೆಗೆಯುತ್ತಿದ್ದೇನೆ.