ಬಾಣಂತಿಯ ನಿದ್ದೆ

ಚಾಮರಾಜಪುರಂ, ಮೈಸೂರು
೧೪ ಜೂನ್ ೧೯೯೯

ಪ್ರೀತಿಯ ಗಿರಿಜಾ,

ಹೇಗಿದ್ದೀಯ? ನಿನ್ನ ಮಗಳು ಶಾಲೆಗೆ ಹೋಗುತ್ತಿರಬೇಕು. ನೀನು ಮಹಿಳಾ ಸಂಘ ಬಿಟ್ಟು ಹಾಸನಕ್ಕೆ ಹೋಗಿ ಆರು ವರ್ಷವಾಯಿತು, ನಾನು ಒಂದು ಕಾರ್ಡೂ ಹಾಕಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು. ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ಸುಮ್ಮನಿದ್ದೆ.

ನನಗೂ ಹೆಣ್ಣುಮಗು ಹುಟ್ಟಿ ನಾಲ್ಕು ತಿಂಗಳಾಯಿತು. ಮಗು ಚೆನ್ನಾಗಿದೆ, ನಾನೇ ಹಾಳಾಗಿದ್ದೆ. ಎದ್ದು ಹಲ್ಲುಜ್ಜುವುದೂ ಬೆಟ್ಟ ಹತ್ತಿದ ಹಾಗೆ. ಮಗು ಅತ್ತರೆ ಹಾಲು ಕೊಡುತ್ತಿದ್ದೆ, ಅಷ್ಟೆ. ಯಾರದೋ ಮಗು ಅನ್ನಿಸುತ್ತಿತ್ತು. ಅದು ಮಲಗಿದರೂ ನನಗೆ ನಿದ್ದೆ ಇಲ್ಲ. ನೋಡಲು ಬಂದ ಸಂಘದವರು, "ಏನ್ ಮಾದೇವಿ, ಪೊಲೀಸ್ ಲಾಠಿಗೆ ಬಗ್ಗದೋಳು ಒಂದು ಕೂಸಿಗೆ ಬಗ್ಗಿಬುಟ್ಯಾ?" ಎಂದು ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಬಟ್ಟೆ ಮಡಿಚುತ್ತ ಅಳುತ್ತ ಕೂತೆ.

ಅದನ್ನು ಕಂಡವರು ನನ್ನತ್ತೆ ದೇವಿರಮ್ಮ. ಹೆಬ್ಬೆಟ್ಟಿನ ಹೆಂಗಸು, ಹಳೇ ಕಾಲದವರು ಎಂದು ನಾನೇ ಎಷ್ಟೋ ಸಲ ಹೀಯಾಳಿಸಿದ್ದೇನೆ. ಅವತ್ತು ಮಗನನ್ನು ಹಿಡಿದು ಕೂರಿಸಿ, "ಇದು ಮೈಗಳ್ಳತನ ಅಲ್ಲ ಕಣೋ ಸಿದ್ದರಾಜು. ನಿದ್ದೆ ಕೆಟ್ಟು ಕೆಟ್ಟು ಮನ್ಸು ಬಾಡೋಗದೆ. ಡಾಕ್ಟ್ರತ್ರ ಕರ್ಕೊಂಡೋಗು" ಎಂದರು.

ಲೇಡಿ ಡಾಕ್ಟರು ಕೇಳಿದರು: "ಎಷ್ಟು ಗಂಟೆ ನಿದ್ದೆ?"

"ಹದಿನಾಲ್ಕು ಗಂಟೆ ಮಲಗ್ತಾಳೆ ಡಾಕ್ಟ್ರೇ."

"ನಾನು ಕೇಳಿದ್ದು ನಿಮ್ಮದು ಕಣ್ರೀ."

ಬೆರಳು ಮಡಿಚಿ ಎಣಿಸಿದೆ ಗಿರಿಜಾ, ಎರಡು ಗಂಟೆಯೂ ಆಗಲಿಲ್ಲ. ಇದು ಬರೀ ಸುಸ್ತಲ್ಲ, ಖಿನ್ನತೆ. ನಿದ್ದೆ ಕೆಟ್ಟರೆ ಅದು ಹೆಚ್ಚುತ್ತದೆ, ಅದು ಹೆಚ್ಚಿದರೆ ನಿದ್ದೆ ಇನ್ನೂ ಕೆಡುತ್ತದೆ, ಆದರೆ ವಾಸಿಯಾಗುವ ಕಾಯಿಲೆ ಎಂದರು. ಮಾತ್ರೆ ಕೊಟ್ಟರು. ರಾತ್ರಿ ಮಗುವನ್ನು ಬೇರೆಯವರು ನೋಡಿಕೊಳ್ಳಲಿ ಎಂದರು.

"ನಂಗೆ ಬೆಳಗ್ಗೆ ಡ್ಯೂಟಿ ಅದೆ" ಎಂದು ಸಿದ್ದರಾಜು ಗೊಣಗಿದ. "ಅವ್ಳಿಗೇನು, ರಜವಾ?" ಎಂದರು ಅತ್ತೆ. ಅವತ್ತಿನಿಂದ ಅವನಿಗೂ ಪಾಳಿ. ಸಿಟಿ ಬಸ್ಸಿನ ಕಂಡಕ್ಟರು, ಲಾಲಿ ಎಲ್ಲಿ ಬರಬೇಕು? ಮಗುವನ್ನು ಹೆಗಲಿಗೆ ಹಾಕಿಕೊಂಡು "ಅಗ್ರಹಾರ, ಕೃಷ್ಣಮೂರ್ತಿಪುರಂ" ಎಂದು ಸ್ಟಾಪುಗಳ ಹೆಸರು ಹೇಳುತ್ತಾನೆ. ಅದು ಮಲಗುತ್ತದೆ.

ಎಂಟು ಗಂಟೆ ದುಡಿಮೆ ಎಂದು ಬೀದಿಯಲ್ಲಿ ಗಂಟಲು ಹರಿದುಕೊಂಡೆವಲ್ಲ, ಹೆತ್ತವಳ ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಒಂದು ಕರಪತ್ರದಲ್ಲಾದರೂ ಕೇಳಿದೆವಾ?

ಈಗ ಐದು ವಾರವಾಯಿತು. ಮೊನ್ನೆ ಐದು ಗಂಟೆ ಒಂದೇ ಸಮ ಮಲಗಿದೆ. ಎದ್ದಾಗ ಹಸಿವಾಗಿತ್ತು. ಮುದ್ದೆ, ಬಸ್ಸಾರು ಉಂಡು ಮಗುವಿನ ನೆತ್ತಿ ಮೂಸಿದೆ. ನನ್ನದೇ ಮಗು ಅನ್ನಿಸಿತು ಕಣೆ. ಬದುಕಿಕೊಂಡೆ.

ನಿನ್ನ ಮಗಳು ನೂರು ವರ್ಷ ಚೆನ್ನಾಗಿರಲಿ, ಕಣ್ತುಂಬ ನಿದ್ದೆ ಮಾಡಲಿ. ಅವಳಮ್ಮನೂ.

ನಿನ್ನ
ಮಾದೇವಿ

ತಾ.ಕ.: ನಿನ್ನನ್ನು ಸಂಘದಿಂದ ತೆಗೆದ ದಿನ ನಡಾವಳಿ ಪುಸ್ತಕದಲ್ಲಿ "ಮೂರು ಸಭೆಗೆ ಗೈರು, ಕಾರಣ ತಿಳಿಸಿಲ್ಲ" ಎಂದು ಬರೆದವಳು ನಾನು. ನೀನು ತಿಳಿಸಿದ್ದೆ. ಎರಡು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು, "ಮಲಗಿ ಎಷ್ಟು ದಿನವಾಯಿತೋ, ಬದುಕುವುದೇ ಬೇಡ ಅನ್ನಿಸುತ್ತದೆ, ಒಮ್ಮೆ ಬಂದು ಹೋಗು ಮಾದೇವಿ" ಎಂದು ಚೀಟಿ ಕಳಿಸಿದ್ದೆ. ನೆಪ ಎಂದುಕೊಂಡು ಮಡಿಚಿ ಬ್ಯಾಗಿಗೆ ಹಾಕಿದೆ, ಸಭೆಗೆ ಓದಲೇ ಇಲ್ಲ. ಹೋದ ಭಾನುವಾರ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಿ, ಆ ಸಾಲನ್ನು ಕೈಯಾರೆ ಹೊಡೆದು ಹಾಕಿದೆ. ನೀನು ಬಾ ಎಂದರೆ ಹಾಸನಕ್ಕೆ ಬರುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈ.